ಗಿರಣಿ ಕಣದ ಪಿ.ಟಿ. ಟೀಚರ್

ಸಿಮೆಂಟಿನ ನೆಲಕ್ಕೆ ಹಗ್ಗ ಬಡಿಯುವ ಸಪ್ಪಳ. ಟಪ್, ಟಪ್, ಟಪ್. ಒಂದಲ್ಲ, ಒಂಬತ್ತು ಹಗ್ಗ. ಒಂದಕ್ಕೊಂದು ತಾಳವಿಲ್ಲ. ಅದರ ಮೇಲೆ ತುಸು ಒಡಕು ದನಿಯ ಒಬ್ಬ ಹೆಣ್ಣುಮಗಳ ಎಣಿಕೆ: “ಲಾಭಾ... ಎರಡಾ... ಮೂರಾ...” ರಾಶಿ ಅಳೆಯುವವರು ಮೊದಲನೇ ಅಳತೆಗೆ ‘ಒಂದು’ ಅನ್ನುವುದಿಲ್ಲವಲ್ಲ, ‘ಲಾಭ’ ಅನ್ನುತ್ತಾರೆ. ಟೀಚರ್ ಹುಡುಗರ ಜಿಗಿತವನ್ನೂ ಹಾಗೇ ಎಣಿಸುತ್ತಿದ್ದರು. ಹಗ್ಗ ಕಾಲಿಗೆ ಸಿಕ್ಕಿ ಯಾರಾದರೂ ಮುಗ್ಗರಿಸಿದರೆ ಎಣಿಕೆ ಮತ್ತೆ ಮೊದಲಿಂದ. “ಅಳಾಕ ಏನಾತೋ? ಬಿದ್ದ ಮ್ಯಾಲೂ ಮೊದಲನೇದು ಲಾಭಾನ ಐತಿ!”

ಹೋದ ವಾರ ಸೊಸೆ ಮೊಬೈಲ್ ಹಿಡಿದುಕೊಂಡು ನನ್ನ ಕೋಣೆಗೆ ಬಂದಳು. “ಅತ್ತೀ, ನಮ್ಮ ಪಿ.ಟಿ. ಟೀಚರ್ ಹೋದ್ರಂತ. ತಾವರಗೇರಾದಾಗ.” ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ಈ ಸಪ್ಪಳ. ನನ್ನ ಕಿಟಕಿಯ ಕೆಳಗೇ ನಮ್ಮ ಹಳೇ ರೈಸ್ ಮಿಲ್ಲಿನ ಭತ್ತ ಒಣಗಿಸುವ ಕಣ. ಬೈಪಾಸಿನ ಹತ್ತಿರ ಹೊಸ ಮಿಲ್ಲು, ಅದರಲ್ಲಿ ಡ್ರೈಯರ್ ಬಂದ ಮೇಲೆ ಇಲ್ಲಿ ಭತ್ತ ಹರವುವವರಿಲ್ಲ. ಖಾಲಿ ಬಿದ್ದಿದ್ದ ಆ ಕಣದಲ್ಲಿ ಆ ಹೆಣ್ಣುಮಗಳು ಗಂಗಾವತಿಯ ದಪ್ಪ ಮಕ್ಕಳನ್ನು ಕೂಡಿಸಿ ಎರಡು ವರ್ಷ ಜಿಗಿಸಿದರು.

ಹೆಸರು ಬರೆಯುವುದಿಲ್ಲ. ಅವರಿಗೆ ಪಬ್ಲಿಸಿಟಿ ಸೇರುತ್ತಿರಲಿಲ್ಲ.

ಅವರು ನಮ್ಮ ಮನೆಗೆ ಬಂದದ್ದು ನನ್ನ ಮೊಮ್ಮಗಳು ಭೂಮಿಕಾಳಿಂದ. ಆಗ ಅವಳಿಗೆ ಹನ್ನೆರಡು. ಒಂದೂವರೆ ವರ್ಷದಲ್ಲಿ ಮೂರು ಸಲ ಯೂನಿಫಾರ್ಮ್ ಹೊಲಿಸಿದ್ದೆವು. ಕುತ್ತಿಗೆಯ ಹಿಂದೆ ಒಂದು ಕಪ್ಪು ಪಟ್ಟೆ ಕಾಣಿಸಿಕೊಂಡಿತ್ತು. ನಾನು ಅದನ್ನು ಕೊಳೆ ಎಂದುಕೊಂಡೆ. ಪ್ರತಿ ರವಿವಾರ ಕಡಲೆಹಿಟ್ಟು, ಲಿಂಬೆರಸ ಹಚ್ಚಿ ತಿಕ್ಕಿದ್ದೇ ತಿಕ್ಕಿದ್ದು. ಕ್ಲೀನ್‌ಲಿನೆಸ್ ಈಸ್ ನೆಕ್ಸ್ಟ್ ಟು ಗಾಡ್ಲಿನೆಸ್ ಎಂದು ಕಲಿತು ಬಂದವಳಲ್ಲವೇ ನಾನು! ಚರ್ಮ ಕೆಂಪಾಗಿ ಅವಳು ಅತ್ತರೂ ಬಿಡಲಿಲ್ಲ. ಕಡೆಗೆ ಜ್ವರಕ್ಕೆಂದು ಕರೆದೊಯ್ದಾಗ ಮಕ್ಕಳ ಡಾಕ್ಟರಮ್ಮ ಅವಳ ಕೂದಲೆತ್ತಿ ನೋಡಿ, “ಇದು ಕೊಳೆ ಅಲ್ರಿ ಆಂಟಿ. ಸಕ್ಕರಿ ಕಾಯಿಲೆ ಬಾಗಿಲಿಗೆ ಬಂದು ನಿಂತದ್ದರ ಗುರುತು” ಎಂದರು. ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು. ಬಾರ್ಡರ್‌ಲೈನ್. ಈಗ ಹಿಂದಕ್ಕೆ ಕಳಿಸಬಹುದು, ತಡಮಾಡಿದರೆ ಒಳಗೇ ಬಂದು ಕೂಡುತ್ತದೆ.

ಅವಳನ್ನು ಶಾಲೆಯಲ್ಲಿ ‘ಸೋನಾ ಮಸೂರಿ’ ಅನ್ನುತ್ತಾರೆಂಬುದು ನಮಗೆ ಗೊತ್ತಾದದ್ದೂ ಅದೇ ದಿನ. ಡಾಕ್ಟರಮ್ಮನ ಮುಂದೆ ಹೇಳಿದಳು, ನಮ್ಮ ಮುಂದಲ್ಲ. ಗಿರಣಿಯವರ ಮಗಳು, ಚೀಲದ ಹಾಗಿದ್ದಾಳೆ, ಅದಕ್ಕೆ. ಪಿ.ಟಿ. ಪೀರಿಯಡ್ ಇರುವ ಮಂಗಳವಾರ, ಶುಕ್ರವಾರ ಅವಳಿಗೆ ಹೊಟ್ಟೆ ನೋಯುತ್ತಿದ್ದುದು ಯಾಕೆಂದು ಆಗ ಹೊಳೆಯಿತು. ವಾರಕ್ಕೆರಡು ದಿನ ಶಾಲೆ ತಪ್ಪಿಸಿ, ಮನೆಯಲ್ಲಿ ಮಲಗಿದ ಕೂಸಿಗೆ ‘ಪಾಪ’ ಎಂದು ತುಪ್ಪ ಅನ್ನ ಉಣಿಸುತ್ತಿದ್ದವಳು ನಾನೇ.

ಡಾಕ್ಟರಮ್ಮ ಒಂದು ಕಾರ್ಯಕ್ರಮ ಶುರುಮಾಡುವವರಿದ್ದರು. ವ್ಯಾಯಾಮ, ಊಟದ ಪಾಠ, ಮನೆ ಭೇಟಿ. ಹುಡುಗರನ್ನು ನೋಡಿಕೊಳ್ಳಲು ಅವರು ಹುಡುಕಿದ್ದು ರಿಟೈರಾದ ಒಬ್ಬ ಪಿ.ಟಿ. ಟೀಚರನ್ನು. ಜಾಗ ಬೇಕಿತ್ತು. ನನ್ನ ಮಗ ಕಣ ಕೊಟ್ಟ.

ಮೊದಲ ದಿನ ಬೆಳಿಗ್ಗೆ ಆರಕ್ಕೆ ಕಿಟಕಿಯಿಂದ ನೋಡಿದೆ. ಐ ವಾಸ್ ಶಾಕ್ಡ್. ಟೀಚರೂ ದಪ್ಪ! ಕಾಟನ್ ಸೀರೆಯನ್ನು ಪಾದದ ಮೇಲೆ ಒಂದು ಗೇಣು ಎತ್ತಿ ಸಿಕ್ಕಿಸಿ, ಬಿಳಿ ಕ್ಯಾನ್ವಾಸ್ ಶೂ ಹಾಕಿ, ಗಂಡಸರ ಗಡಿಯಾರ ಕಟ್ಟಿ, ಕಣದ ನಡುವೆ ಕಂಬದಂತೆ ನಿಂತಿದ್ದರು. ಗೇಟಿನ ಹೊರಗೆ ಹಾಲು ಹಾಕುವವನು ಯಾರಿಗೋ ಹೇಳುತ್ತಿದ್ದ: “ಆಕೀನ ಡ್ರಮ್ ಆದ್ಹಂಗ ಆಗ್ಯಾಳ, ಹುಡುಗರನ್ನ ಏನ್ ಇಳಸ್ತಾಳ?”

ಟೀಚರ್ ಕಿವಿ ಭಾಳ ಚುರುಕು. “ಏ ತಮ್ಮಾ, ನಾ ಯಾರನ್ನೂ ಇಳಸೂದಿಲ್ಲ. ಗಟ್ಟಿ ಮಾಡ್ತೀನಿ. ಇಳಿಯೂದು ಬಿಡೂದು ಅವರ ಮೈಗೆ ಬಿಟ್ಟದ್ದು. ನಿನ್ನ ಕ್ಯಾನ್ ಎತ್ತಿ ಒಂದ್ ಸುತ್ತು ಹಾಕ್ಲೇನು ನೋಡ್ತಿ?” ಎಂದು ಹೋಗಿ, ತುಂಬಿದ ಕ್ಯಾನ್ ಎತ್ತಿ ಕಣದ ಸುತ್ತ ನಡೆದೇಬಿಟ್ಟರು. ಮಕ್ಕಳು ನಕ್ಕದ್ದು ಆಗ. ಅಲ್ಲಿಯವರೆಗೆ ಒಂಬತ್ತೂ ಮಕ್ಕಳು ಗೋಡೆಗೆ ಆತು ಕೈಯಿಂದ ಹೊಟ್ಟೆ ಮುಚ್ಚಿಕೊಂಡು ನಿಂತಿದ್ದವು.

ತೂಕದ ಯಂತ್ರವನ್ನು ಅವರು ಕಣಕ್ಕೆ ತರಗೊಡಲಿಲ್ಲ. ತೂಕ ಡಾಕ್ಟರಮ್ಮನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಕಣದಲ್ಲಿ ಅವರು ನೋಡುತ್ತಿದ್ದುದು ಬೇರೆ: ನೆಲಕ್ಕೆ ಕೂತವರು ಕೈ ಊರದೆ ಏಳುತ್ತಾರೋ ಇಲ್ಲವೋ, ಕಾಲುವೆ ದಂಡೆಯ ಮೇಲೆ ಸೇತುವೆವರೆಗೆ ನಡೆಯುವಾಗ ಮಾತಾಡುವಷ್ಟು ಉಸಿರು ಉಳಿದಿರುತ್ತದೋ ಇಲ್ಲವೋ. ಎದುರುಸಿರು ಬಿಟ್ಟರೂ ಬಾಯಿ ನಿಲ್ಲದ ಮಗುವಿಗೆ “ಶಾಬ್ಬಾಸ್, ನಿಂದು ಎಂಜಿನ್ ಛಲೋ ಐತಿ” ಅನ್ನುವರು.

‘ಪಾಪ’ ಎಂಬ ಮಾತು ಅವರಿಗೆ ಆಗುತ್ತಿರಲಿಲ್ಲ. “ಪಾಪ ಅನಬ್ಯಾಡ್ರಿ ಅಕ್ಕಾರ. ಪಾಪ ಅಂದ್ರ ಹುಡುಗಿ ಕುಂತ ಬಿಡ್ತಾಳ.”

ಊಟದ ವಿಷಯಕ್ಕೆ ಅವರದು ಒಂದೇ ಹಟ. ಮಗುವಿಗೊಂದು, ಮನೆಮಂದಿಗೊಂದು ಅಡಿಗೆ ಮಾಡಕೂಡದು. “ಕೂಸಿಗೆ ಹೆಸರುಕಾಳು, ಅಪ್ಪಗ ಮಿರ್ಚಿ ಅಂದ್ರ ಅದು ಔಷಧ ಆಗೂದಿಲ್ರಿ, ಶಿಕ್ಷಾ ಆಗತೈತಿ.” ಅನ್ನ ಬಿಡಿಸಲಿಲ್ಲ. ಗಂಗಾವತಿಯಲ್ಲಿ ಹುಟ್ಟಿದವರಿಗೆ ಅನ್ನ ಬಿಡು ಅನ್ನುವುದು ಹೊಳೆ ಬಿಟ್ಟು ಹೋಗು ಅಂದ ಹಾಗೆ ಎಂದು ಅವರೇ ಹೇಳುತ್ತಿದ್ದರು. ಮೊದಲು ಪಲ್ಯ, ಕಾಳು. ಆಮೇಲೆ ಜೋಳದ ರೊಟ್ಟಿ. ಕಡೆಗೆ ಸಣ್ಣ ಬಟ್ಟಲಲ್ಲಿ ಅನ್ನ, ಮಜ್ಜಿಗೆ. ಬಾಟಲಿಯ ಬಣ್ಣದ ನೀರು ಮನೆಯೊಳಗೇ ಬರಬಾರದು.

ನನ್ನ ಮಗನಿಗೆ ದಿನಾ ಬೆಳಿಗ್ಗೆ ಹೋಟೆಲಿನಿಂದ ಮಂಡಕ್ಕಿಯ ‘ಮಂಡಾಳ ಒಗ್ಗರಣೆ’, ಮೇಲೆ ನಾಲ್ಕು ಬಿಸಿ ಮಿರ್ಚಿ ಭಜಿ ಬರಬೇಕು. “ಒಗ್ಗರಣಿ ಮಿರ್ಚಿ ಇಲ್ಲಂದ್ರ ನನ್ನ ಗಾಡಿ ಸ್ಟಾರ್ಟ್ ಆಗೂದಿಲ್ರಿ ಟೀಚರ್” ಎಂದ.

“ಹಂಗಾರ ತಳ್ಳಿ ಸ್ಟಾರ್ಟ್ ಮಾಡೂಣು. ನಾಳಿ ಆರಕ್ಕ ಕಣಕ್ಕ ಬರ್ರಿ ಸಾವ್ಕಾರ್ರ.”

ಮಗ ಹೋಗಲಿಲ್ಲ. ಮಿರ್ಚಿಯನ್ನು ಮಾತ್ರ ಹೋಟೆಲಿನಲ್ಲೇ ತಿಂದು ಬರತೊಡಗಿದ.

ಮನೆ ಭೇಟಿಯ ಫಜೀತಿ ಹೇಳಬೇಕು. ವಾರಕ್ಕೊಂದು ದಿನ ಒಬ್ಬೊಬ್ಬರ ಮನೆಗೆ ಊಟದ ಹೊತ್ತಿಗೆ ಹೋಗಿ ಮಗು ಏನು ಉಣ್ಣುತ್ತದೆ ನೋಡುವುದು ಎಂದು ಮೊದಲೇ ಚೀಟಿ ಕಳಿಸಿದ್ದರು. ನಮ್ಮ ಜನ ಗೊತ್ತಲ್ಲ? ಟೀಚರ್ ಊಟಕ್ಕೆ ಬರುತ್ತಾರೆಂದರೆ ಸಾದಾ ಪಲ್ಯ ರೊಟ್ಟಿ ಇಟ್ಟು ಮರ್ಯಾದೆ ಕಳೆದುಕೊಳ್ಳುವವರುಂಟೇ? ಮೊದಲ ಮನೆಯಲ್ಲಿ ಹೋಳಿಗೆ, ಮೇಲೆ ತುಪ್ಪದ ಹಳ್ಳ. ಎರಡನೇ ಮನೆಯಲ್ಲಿ ಗುಲಾಬ್ ಜಾಮೂನು. ಮೂರನೆಯದು ನಮ್ಮ ಮನೆ. ನಾನು ಶಾವಿಗೆ ಪಾಯಸ, ಹಪ್ಪಳ, ಬದನೆಕಾಯಿ ಎಣ್ಣೆಗಾಯಿ, ಕರ್ಚಿಕಾಯಿ ಮಾಡಿ, ಅತಿಥಿಯ ಪಕ್ಕದಲ್ಲೇ ಭೂಮಿಕಾಳನ್ನು ಕೂಡಿಸಿ ಬಡಿಸಿದೆ. ಟೀಚರ್ ತಾಟನ್ನು ನೋಡಿದರು, ನನ್ನನ್ನು ನೋಡಿದರು. “ಅಕ್ಕಾರ, ಈ ಹುಡುಗರು ನಾ ಬಂದಿದ್ದಕ್ಕ ದಪ್ಪ ಆಗಾಕತ್ತಾರ ನೋಡ್ರಿ!” ಎಂದು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಅಂದಿನಿಂದ ಚೀಟಿ ಬಂದ್. ಹೊತ್ತಲ್ಲದ ಹೊತ್ತಿನಲ್ಲಿ, ಹಿತ್ತಲ ಬಾಗಿಲಿಂದ ಬರತೊಡಗಿದರು. ಬಂದವರೇ ಅಡಿಗೆಮನೆಯ ಕಟ್ಟೆಗೆ ಒರಗಿ, “ಏನೈತಿ ಅದ ಕೊಡ್ರಿ” ಅನ್ನುವರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಇಷ್ಟು ದಿನ ಇದನ್ನು ಯಾರಿಗೂ ಬರೆದು ಹೇಳಿಲ್ಲ.

ನಾನು ಬಳ್ಳಾರಿಯಲ್ಲಿ ಕಾನ್ವೆಂಟ್ ಹಾಸ್ಟೆಲಿನಲ್ಲಿ ಬೆಳೆದವಳು. ಸಿಸ್ಟರ್‌ಗಳು ಒಳ್ಳೆಯವರು, ಆದರೆ ಊಟ ಭಾಳ ಅಳತೆಯದು. ಊಟದ ಮೊದಲು ಗ್ರೇಸ್ ಪ್ರಾರ್ಥನೆ ಹೇಳುವಾಗ ಎಲ್ಲರೂ ಕಣ್ಣು ಮುಚ್ಚಿದರೆ ನಾನು ಒಂದು ಕಣ್ಣು ತೆರೆದು ಬ್ರೆಡ್ಡಿನ ಚೂರುಗಳನ್ನು ನೋಡುತ್ತಿದ್ದೆ. ರಾತ್ರಿ ಹಸಿವಿಗೆ ಟೂತ್‌ಪೇಸ್ಟ್ ತಿಂದದ್ದೂ ಉಂಟು. ನಾನು ದೊಡ್ಡವಳಾದ ಮೇಲೆ ನನ್ನ ಮನೆಯ ಯಾವ ಮಗುವಿಗೂ ‘ಇನ್ನೊಂದು’ ಅನ್ನುವ ಪ್ರಸಂಗ ಬರಬಾರದು, ಕೇಳುವ ಮೊದಲೇ ಕೈಗೆ ಬರಬೇಕು. ಅದು ನನ್ನ ಹರಕೆಯೇ ಆಗಿತ್ತು. ಹಸಿವು ಕಾಣದ ಮಗುವಿಗೂ ನಾನು ನನ್ನ ಹಸಿವನ್ನೇ ಉಣಿಸುತ್ತಿದ್ದೆನೋ ಏನೋ.

ಪಂಚಮಿ ಬಂತು. ಪಂಚಮಿಗೆ ನಮ್ಮಲ್ಲಿ ಉಂಡಿಯದೇ ಹಬ್ಬ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ ಎಂದು ಡಬ್ಬಿಗಟ್ಟಲೆ ಕಟ್ಟಿದೆ. ಟೀಚರ್ ಬೇಡ ಅಂದಿರಲಿಲ್ಲ. “ಹಬ್ಬದ ದಿನ ಎಲ್ಲಾರ ಜೊತಿ ಕುಂತು ತಿನ್ಲಿ, ಜೋಕಾಲಿ ಜೀಕ್ಲಿ. ಹಬ್ಬ ಮುಗೀತಂದ್ರ ಡಬ್ಬಿ ಮಂದಿಗೆ ಹಂಚ್ರಿ” ಎಂದಿದ್ದರು. ನಾನು ಒಂದು ಡಬ್ಬಿ ಹಂಚಲಿಲ್ಲ. ದಿನಾ ಎರಡು ಉಂಡಿಯನ್ನು ಕಾಗದದಲ್ಲಿ ಸುತ್ತಿ ಭೂಮಿಕಾಳ ಶಾಲೆಯ ಚೀಲದಲ್ಲಿ, ಜಾಮೆಟ್ರಿ ಬಾಕ್ಸಿನ ಕೆಳಗೆ ಇಡುತ್ತಿದ್ದೆ. ಅವಳು ಕೇಳಿರಲಿಲ್ಲ. ಮೊದಲ ದಿನ, “ಅಜ್ಜಿ, ಬ್ಯಾಡ” ಎಂದಳು ಕೂಡ. “ಅವರ್ ಲಿಟಲ್ ಸೀಕ್ರೆಟ್, ಡಾರ್ಲಿಂಗ್” ಎಂದು ಕೆನ್ನೆ ಹಿಂಡಿದೆ. ಡಬ್ಬಿ ಮುಗಿದಾಗ ಮತ್ತೆ ಕಟ್ಟಿದೆ.

ಮುಂದಿನ ರಕ್ತ ಪರೀಕ್ಷೆಯಲ್ಲಿ ಉಳಿದ ಮಕ್ಕಳದು ಅಷ್ಟೋ ಇಷ್ಟೋ ಇಳಿದಿತ್ತು. ನಮ್ಮ ಹುಡುಗಿಯದು ಏರಿತ್ತು. ಹೀಗೇ ಹೋದರೆ ಗುಳಿಗೆ ಶುರುಮಾಡಬೇಕಾಗುತ್ತದೆ ಎಂದರು ಡಾಕ್ಟರಮ್ಮ. ಹನ್ನೆರಡು ವರ್ಷದ ಹುಡುಗಿಗೆ, ಸಕ್ಕರೆಗೆಂದು ನಾನು ದಿನಾ ನುಂಗುವ ಅದೇ ಗುಳಿಗೆ!

ಮನೆಗೆ ಬಂದ ಮಗ ಸಿಟ್ಟಿನಲ್ಲಿ ಅವಳ ಚೀಲ ಸುರುವಿದ. ಪುಸ್ತಕಗಳ ನಡುವಿಂದ ಎರಡು ಉಂಡಿ ಉರುಳಿದವು.

“ಕಳ್ಳತನ ಮಾಡಿ ತಿಂತಿ? ಊರ ಮಂದಿ ಎಲ್ಲಾ ನಿನ್ನ ಸಂಬಂಧ ಒದ್ದಾಡಾಕತ್ತೀವಿ, ನೀ ಕಳ್ಳತನ ಮಾಡ್ತಿ?”

ಹುಡುಗಿ ಒಮ್ಮೆ ನನ್ನ ಕಡೆ ನೋಡಿದಳು. ಒಮ್ಮೆ ಮಾತ್ರ. ಆಮೇಲೆ ನೆಲ ನೋಡಿದಳು. ಬಾಯಿ ಬಿಡಲಿಲ್ಲ.

ನಾನೂ ಬಾಯಿ ಬಿಡಲಿಲ್ಲ.

“ನಡಿ ಕಣಕ್ಕ. ಒಂದ್ ಉಂಡಿಗೆ ಹತ್ತು ಸುತ್ತು. ಎರಡಕ್ಕ ಇಪ್ಪತ್ತು. ಓಡು!”

ಮಧ್ಯಾಹ್ನ ಮೂರರ ಬಿಸಿಲು. ಸಿಮೆಂಟು ಕಾದು ಕಾವಲಿಯಾಗಿತ್ತು. ಮಗ ಕೈಯಲ್ಲಿ ಉಂಡಿ ಹಿಡಿದು ನೆರಳಲ್ಲಿ ನಿಂತ. ಅವಳು ಓಡಿದಳು. ನಾನು ಹಿತ್ತಲ ಮೆಟ್ಟಿಲ ಮೇಲೆ ನಿಂತು ನೋಡಿದೆ. ನಾಲ್ಕನೇ ಸುತ್ತೋ ಐದನೆಯದೋ, ಗೇಟು ತೆರೆದು ಟೀಚರ್ ಬಂದರು. ರಿಪೋರ್ಟಿನ ಸುದ್ದಿ ಕೇಳಿ ನಮ್ಮಲ್ಲಿಗೇ ಹೊರಟಿದ್ದರು. ಏನನ್ನೂ ಕೇಳಲಿಲ್ಲ. ಓಡುತ್ತಿದ್ದ ಹುಡುಗಿಗೆ ಅಡ್ಡ ನಿಂತು ಎರಡೂ ತೋಳಿನಲ್ಲಿ ಹಿಡಿದುಕೊಂಡರು, ನೆರಳಿಗೆ ತಂದು ಕೂಡಿಸಿದರು, ತಮ್ಮ ಬಾಟಲಿಯ ನೀರು ಕುಡಿಸಿದರು. ಆಮೇಲೆ ಮಗನ ಕಡೆ ತಿರುಗಿದರು.

“ಸಾವ್ಕಾರ್ರ, ಆಕಿ ಓಡೂದು ಖುಷಿಲೆ ಕಲೀಲಿ ಅಂತ ಮೂರು ತಿಂಗಳು ಗಂಟಲ ಹರಕೊಂಡೀನಿ. ನೀವು ಒಂದ್ ತಾಸಿನ್ಯಾಗ ಅದನ್ನ ದಂಡ ಮಾಡಿದ್ರಿ. ನಾಳಿ ಈ ಕೂಸು ಕಣಕ್ಕ ಕಾಲಿಡ್ತೈತೇನ್ರಿ?”

“ಕದ್ದು ತಿಂದಾಳ್ರಿ ಟೀಚರ್. ನೋಡ್ರಿ ಇಲ್ಲೆ!”

ಟೀಚರ್ ಆ ಉಂಡಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ನೋಡಿದರು. ಉಂಡಿ ಕಟ್ಟುವ ಹೆಂಗಸರಿಗೆ ಗೊತ್ತು, ಒಬ್ಬೊಬ್ಬರ ಮುಷ್ಟಿ ಒಂದೊಂದು ನಮೂನೆ ಒತ್ತುತ್ತದೆ. ನನ್ನ ಬಲಗೈ ಕಿರುಬೆರಳು ಆರ್ಥ್ರೈಟಿಸ್‌ನಿಂದ ಸೊಟ್ಟ. ನಾನು ಕಟ್ಟಿದ ಪ್ರತಿ ಉಂಡಿಗೂ ಒಂದು ಬದಿ ಸಣ್ಣ ಗುಳಿ ಬೀಳುತ್ತದೆ. ಅವರು ಆ ಗುಳಿಯ ಮೇಲೆ ಹೆಬ್ಬೆರಳು ಆಡಿಸಿದರು. ಹಬ್ಬದ ದಿನ ಹಂಚಿದವೂ ಅದೇ ಗುಳಿಯವು. ಈಗ ಹಬ್ಬ ಹೋಗಿ ತಿಂಗಳಾಗಿತ್ತು. ಆದರೆ ಇದು ಮೆತ್ತಗಿತ್ತು, ನಿನ್ನೆ ಮೊನ್ನೆ ಕಟ್ಟಿದ್ದು. ಮೆಟ್ಟಿಲ ಕಂಬ ಹಿಡಿದಿದ್ದ ನನ್ನ ಕೈಯನ್ನು ನೋಡಿದರು. ಉಂಡಿಯನ್ನು ಮಗನ ಕೈಗೇ ವಾಪಸು ಕೊಟ್ಟು ಹೋದರು.

ಮರುದಿನ ಭೂಮಿಕಾ ಕಣಕ್ಕೆ ಇಳಿಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಏಳಕ್ಕೆ ಟೀಚರ್ ಹಿತ್ತಲ ಬಾಗಿಲಿಂದ ಬಂದರು. ನಾನೊಬ್ಬಳೇ ಇದ್ದೆ. ಚಹಾ ಇಡಲು ಹೋದೆ, ಬೇಡ ಅಂದರು.

“ಅಕ್ಕಾರ, ಹುಡುಗಿ ನಿಮ್ಮ ಹೆಸರು ಹೇಳಿಲ್ಲ. ಹೇಳೂದೂ ಇಲ್ಲ. ಬಿಸಿಲಾಗ ಸತ್ತ್ರೂ ಹೇಳ್ತಿದ್ದಿಲ್ಲ.”

ನಾನು ಏನೋ ಇಂಗ್ಲಿಷಿನಲ್ಲಿ ಶುರುಮಾಡಿದೆ. ಕಷ್ಟ ಬಂದಾಗ ನನಗೆ ಇಂಗ್ಲಿಷು ಬರುತ್ತದೆ. “ಐ ಓನ್ಲಿ ವಾಂಟೆಡ್...”

“ನನಗ ಇಂಗ್ಲಿಷ್ ತಿಳಿಯೂದಿಲ್ರಿ. ನಿಮಗ ಆಕಿ ಮ್ಯಾಲೆ ಜೀವ ಐತಿ ಅಂತ ತಿಳೀತೈತಿ. ಆಕಿ ಸುಮ್ಮನಿದ್ದು ನಿಮ್ಮನ್ನ ಕಾಯ್ದಳು. ನಿಮ್ಮ ಪಾಳಿ ಈಗ. ನಾ ಹೇಳಿದ್ರ ಚಾಡಿ ಆಗತೈತಿ. ನೀವ ಹೇಳ್ಬೇಕು.” ಇಷ್ಟೇ ಹೇಳಿ ಸೆರಗು ಸಿಕ್ಕಿಸಿಕೊಂಡು ಮತ್ತೆ ಕಣಕ್ಕೆ ಇಳಿದರು.

ಎಪ್ಪತ್ತರ ಅಂಚಿನಲ್ಲಿದ್ದವಳು ನಾನು. ಮನೆಯಲ್ಲಿ ನನ್ನ ಮಾತಿಗೆ ಎದುರಾಡುವವರಿಲ್ಲ. ಎಂಟು ಗಂಟೆಗೆ ಎಲ್ಲರೂ ನಾಷ್ಟಾಕ್ಕೆ ಕೂತಾಗ ಭೂಮಿಕಾಳನ್ನೂ ಎಬ್ಬಿಸಿ ತಂದು, ಚರ್ಚಿನಲ್ಲಿ ಕನ್ಫೆಷನ್‌ಗೆ ಬಂದವಳಂತೆ ಕುರ್ಚಿ ಹಿಡಿದು ನಿಂತು ಹೇಳಿದೆ. “ಉಂಡಿ ಇಟ್ಟಾಕಿ ನಾನು. ದಿನಾ ಎರಡು. ಆಕಿ ಬ್ಯಾಡ ಅಂದಿದ್ಲು.”

ಮಗನ ಕೈ ತಾಟಿನಲ್ಲೇ ನಿಂತಿತು. ಸೊಸೆ ಅವನನ್ನು ನೋಡಿದಳು. ಕಡೆಗೆ ಅವನು ಕೇಳಿದ, “ಅವ್ವಾ, ಈಗ ನಿನಗ ನಾ ಎಷ್ಟು ಸುತ್ತು ಹೇಳ್ಲಿ?”

ಭೂಮಿಕಾ ಪಕ್ಕನೆ ನಕ್ಕುಬಿಟ್ಟಳು. ನಕ್ಕವಳೇ ಅಳತೊಡಗಿದಳು. ನಮ್ಮ ಮನೆಯ ಗಂಡಸರ ಡಿಕ್ಷನರಿಯಲ್ಲಿ ಸಾರಿ ಎಂಬ ವರ್ಡ್ ಇಲ್ಲ. ಆದರೆ ಮರುದಿನ ಆರಕ್ಕೆ ಮಗ ಬನಿಯನ್ನು, ಹೊಸ ಟ್ರ್ಯಾಕ್ ಪ್ಯಾಂಟಿನಲ್ಲಿ ಮಗಳ ಕೋಣೆಯ ಬಾಗಿಲಿಗೆ ನಿಂತು, “ನನಗ ಹಗ್ಗ ಹಿಡಿಯಾಕ ಬರೂದಿಲ್ಲ, ತೋರಸ್ತೀಯೇನು?” ಎಂದ. ಅವಳು ಒಲ್ಲೆ ಎಂದಳು. ಎರಡನೇ ದಿನವೂ ಒಲ್ಲೆ. ಅವನು ಒಬ್ಬನೇ ಹೋಗಿ ಎಲ್ಲಾ ಮಕ್ಕಳ ಎದುರು ಹಗ್ಗಕ್ಕೆ ಸಿಕ್ಕಿ ಬಿದ್ದ. ಮೂರನೇ ದಿನ ನಾನು ಸೀರೆ ಎತ್ತಿ ಸಿಕ್ಕಿಸಿ, ಸೊಸೆಯ ಶೂ ಹಾಕಿಕೊಂಡು ಹೊರಟೆ. ಅದನ್ನು ನೋಡಲೆಂದೇ ಭೂಮಿಕಾ ಕೆಳಗಿಳಿದಳು.

“ಅಜ್ಜೀ, ಕಾಲ ಎತ್ತ್ರಿ! ಹಗ್ಗ ಹೋಗಿ ಊರ ಸೇರ್ತು!” ಎಂದು ಒಬ್ಬ ಪೋರಿ ಕೂಗಿದಳು. ಟೀಚರ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಎಲ್ಲರಿಗೂ ಕೊಟ್ಟ ಹಾಗೆ ನನಗೂ ಒಂದು ಜಾಗ ಬೆರಳಿಂದ ತೋರಿಸಿದರು, ಅಷ್ಟೇ. ಅದೇ ನನಗೆ ಸಿಕ್ಕ ಅಬ್ಸಲ್ಯೂಷನ್, ಪಾಪಕ್ಷಮೆ.

ಸಿನಿಮಾದಂಥ ಬದಲಾವಣೆ ಏನೂ ಆಗಲಿಲ್ಲ. ಭೂಮಿಕಾ ತೆಳ್ಳಗಾಗಲಿಲ್ಲ. ಇವತ್ತಿಗೂ ಗಟ್ಟಿ ಹುಡುಗಿಯೇ. ಆದರೆ ಮೂರು ತಿಂಗಳಿಗೆ ಸಕ್ಕರೆ ಒಂದು ಮೆಟ್ಟಿಲು ಇಳಿಯಿತು, ಆರು ತಿಂಗಳಿಗೆ ಇನ್ನೊಂದು. ಗುಳಿಗೆ ಬೇಕಾಗಲಿಲ್ಲ. ಮಂಗಳವಾರ, ಶುಕ್ರವಾರದ ಹೊಟ್ಟೆನೋವು ಎಂದು ನಿಂತಿತೋ ಗಮನಿಸಲೇ ಇಲ್ಲ. ಶಾಲೆಯ ಸ್ಪೋರ್ಟ್ಸಿನಲ್ಲಿ ಅವಳನ್ನು ಹಗ್ಗಜಗ್ಗಾಟದ ಕೊನೆಗೆ ನಿಲ್ಲಿಸಬೇಕೆಂದು ಎಲ್ಲರಿಗೂ ಆಸೆ. ಭಾರ ಇದ್ದಾಳಲ್ಲ! ಅವಳು ಟೀಚರಿಗೆ ಬಂದು ಹೇಳಿದಳು, “ನಾ ಖೋಖೋ ಆಡ್ತೀನಿ.” ಟೀಚರ್ ತಡಮಾಡದೆ “ಆಡು” ಎಂದರು. ಆಡಿದಳು. ಮೊದಲನೇ ನಿಮಿಷದಲ್ಲೇ ಔಟಾಗಿ, ಮಣ್ಣು ಮೆತ್ತಿಕೊಂಡು, ಮುಖ ಅಗಲ ಮಾಡಿಕೊಂಡು ಮನೆಗೆ ಬಂದಳು.

ಎರಡು ವರ್ಷವಾದ ಮೇಲೆ ಟೀಚರ್ ತಮ್ಮ ಊರು ತಾವರಗೇರಾಕ್ಕೆ ಹೋದರು. ಅವರಿಗೂ ಸಕ್ಕರೆ ಕಾಯಿಲೆ ಇತ್ತೆಂದು, ಒಂದು ಕಾಲಿನ ಗಾಯ ಮಾಯದೆ ಕಾಡುತ್ತಿತ್ತೆಂದು ಹೋಗುವ ವಾರ ಗೊತ್ತಾಯಿತು. “ನಮಗ ಸಾಲ್ಯಾಗ ಯಾರೂ ಹೇಳಿಕೊಡಲಿಲ್ರಿ ಅಕ್ಕಾರ. ಹುಡುಗರಿಗೆ ಓಡು ಓಡು ಅಂತ ಸೀಟಿ ಊದಕೋತ ನಾ ಕುರ್ಚಿ ಮ್ಯಾಲೆ ಕುಂತು ಬಿಟ್ಟೆ ಮೂವತ್ತು ವರ್ಷ” ಎಂದು ನಕ್ಕರು. ಊರಿಗೆ ಹೋಗಿ ಸುಮ್ಮನಿದ್ದರೇ? ಸಂತೆ ಇಲ್ಲದ ದಿನ ಸಂತೆ ಬಯಲಲ್ಲಿ ಮತ್ತೆ ಹುಡುಗರನ್ನು ಕೂಡಿಸಿದರು.

ಹೋದ ವರ್ಷ ಕುಷ್ಟಗಿಯಲ್ಲಿ ನೆಂಟರ ಮದುವೆ. ಭೂಮಿಕಾ ಹಟ ಹಿಡಿದದ್ದಕ್ಕೆ ತಾವರಗೇರಾದ ಮೇಲೆ ಹಾಯ್ದು ಹೋದೆವು. ಬೆಳಿಗ್ಗೆ ಏಳೂವರೆ. ಬಯಲಲ್ಲಿ ಐದಾರು ಮಕ್ಕಳು ಓಡುತ್ತಿದ್ದವು. ಟೀಚರ್ ನೆಲದ ಮೇಲೆ ಕೂತಿದ್ದರು, ಬ್ಯಾಂಡೇಜು ಸುತ್ತಿದ ಕಾಲನ್ನು ಮುಂದಕ್ಕೆ ಚಾಚಿ, ಪಕ್ಕದಲ್ಲಿ ಕೋಲು ಇಟ್ಟುಕೊಂಡು. ಒಂದು ಮಾರು ದೂರದಲ್ಲಿ ಅವರಿಗೆ ಬೆನ್ನು ತಿರುಗಿಸಿ ಹತ್ತು ವರ್ಷದ ಒಂದು ಗುಂಡು ಹುಡುಗಿ ಕೂತು ಬಿಕ್ಕುತ್ತಿದ್ದಳು. ಅವಳ ತಾಯಿ, “ಏಳಬೇ! ಟೀಚರ್ ಎಷ್ಟೊತ್ತಾತು ಕುಂತಾರ, ನಾಚಿಕಿ ಇಲ್ಲ ನಿನಗ” ಎಂದು ರಟ್ಟೆ ಹಿಡಿದು ಎಳೆಯುತ್ತಿದ್ದಳು. ಟೀಚರ್ ತಾಯಿಗೆ, “ಬಿಡ್ರಿ. ನನಗೇನು ಅವಸರಿಲ್ಲ” ಎಂದರು. ನಾನು ಕೈ ಬೀಸಿದೆ. ಅವರು ನನ್ನನ್ನು ನೋಡಿದರು, ಗುರುತಿನ ನಗೆ ನಕ್ಕರು, ‘ತಡೀರಿ’ ಎಂದು ಅಂಗೈ ತೋರಿಸಿದರು. ಏಳಲಿಲ್ಲ.

ಮಗ ಗಾಡಿಯೊಳಗಿಂದ ಹಾರ್ನ್ ಹೊಡೆದ. ಅಕ್ಷತೆಯ ಹೊತ್ತು ಮೀರುತ್ತಿತ್ತು. “ಹಾರ್ನ್ ಬ್ಯಾಡ” ಎಂದೆ. ಅಷ್ಟರಲ್ಲಿ ಭೂಮಿಕಾ ಮದುವೆಗೆ ಉಟ್ಟ ಲಂಗದ ಸಮೇತ ಬಯಲಿಗೆ ಇಳಿದು, ಆ ಹುಡುಗಿಯ ಇನ್ನೊಂದು ಬದಿಗೆ ಮಣ್ಣಿನ ಮೇಲೆ ಕೂತುಬಿಟ್ಟಳು. ಮೂವರೂ ಕೂತೇ ಇದ್ದರು. ಮಗ ಎಂಜಿನ್ ಆಫ್ ಮಾಡಿದ.

ಎಷ್ಟೋ ಹೊತ್ತಿನ ಮೇಲೆ ಹುಡುಗಿ ಮುಖ ಎತ್ತದೆ ಹೇಳಿದಳು: “ನನಗ ಓಡಾಕ ಬರೂದಿಲ್ರಿ. ಎಲ್ಲಾರೂ ನಗ್ತಾರ.”

“ನನಗೂ ಈಗ ಓಡಾಕ ಬರೂದಿಲ್ಲವ್ವಾ” ಎಂದರು ಟೀಚರ್. “ಆ ಬೇವಿನ ಗಿಡದ ತನಕ ನಡ್ಯೂಣೇನು? ನಿನ್ನ ಕೈ ಕೊಡು, ನನ್ನ ಎಬ್ಬಸು.”

ಹುಡುಗಿ ಮೂಗು ಒರೆಸಿಕೊಂಡು ಎದ್ದಳು. ಅವಳೊಂದು ಕೈ, ಭೂಮಿಕಾಳೊಂದು ಕೈ ಹಿಡಿದು ಟೀಚರ್ ಎದ್ದು ನಿಂತರು. ಕೋಲು ಅಲ್ಲೇ ಬಿಟ್ಟರು. ಮೂವರೂ ಹೊರಟರು, ಭಾಳ ಸಾವಕಾಶ, ಒಂದೊಂದು ಹೆಜ್ಜೆಗೂ ನಿಂತು. ಗಾಡಿಯ ಹತ್ತಿರ ನಿಂತ ನನಗೆ ಕಂಡದ್ದು ಅವರ ಅಗಲ ಬೆನ್ನು, ಗೇಣೆತ್ತರ ಸಿಕ್ಕಿಸಿದ ಸೀರೆ, ಒಂದೇ ಕಾಲಿನ ಬಿಳಿ ಶೂ. ಗಿಡ ಇನ್ನೂ ಅರ್ಧ ಬಯಲು ದೂರವಿತ್ತು. ಅವರು ತಿರುಗಿ ನೋಡಲಿಲ್ಲ.